ಹಿಂದಕ್ಕೊರಗಿದ ಗೆರೆ

ದೊಂಗ್‌ಗಾಂಗ್ ಬಂದರಿನ ಐಸ್ ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷ.
ಅದರ ಉದ್ರಿ ಲೆಕ್ಕ, ಇಪ್ಪತ್ತಮೂರು ಫ್ಲಾಪಿ,
ಬಿಸ್ಕತ್ತಿನ ಡಬ್ಬಿಯಲ್ಲಿ ಕೂತು ನನ್ನ ಮೇಜಿಗೆ ಬಂತು.
ತಂದವರು ತ್ಸೈ ಹುವೊ-ಶೆಂಗ್, ಎಂಬತ್ತೊಂದರ ಮುದುಕ,
ಬೆರಳಲ್ಲಿ ಇನ್ನೂ ಐಸ್ ಕೊಕ್ಕೆಯ ಗಾಯದ ಗುರುತು.
"ಮೀನುಗಾರರ ಸಂಘ ಕೇಳುತ್ತಿದೆ.
ಓದಲು ಬಂದರೆ ಓದು,
ಬರದಿದ್ದರೆ ಡಬ್ಬಿಯನ್ನಾದರೂ ವಾಪಸು ಕೊಡು."

ಎಡಿಟರ್ ತೆರೆದೆ. ಅದು ಜಪಾನಿನದೆಂದಿತು,
ಆಮೇಲೆ ಕೊರಿಯಾದ್ದೆಂದಿತು.
ಪರದೆ ತುಂಬ, ಯಾರೂ ಯಾರಿಗೂ ಆಡದ ಮಾತು.
ಯುರೋಪಿನ ಅಂಗಿ ತೊಡಿಸಿ ನೋಡಿದೆ:
ಹತ್ತರಲ್ಲಿ ನಾಲ್ಕು ಸಾಲಿನ ತಲೆಗೆ
ಅಟ್ಟ ಹತ್ತಿ ಕೂತ ಪುಟಾಣಿ ಮೂರು,
ಪಕ್ಕದಲ್ಲಿ ಹಿಂದಕ್ಕೊರಗಿದ ಒಂದು ಗೆರೆ.
ನಗು ಬಂತು. ಇದು ನಮ್ಮ ಷು!
ಬಂದರಿನ ಅರ್ಧ ಮನೆಗಳ ಹೆಸರು.
ಹಳೆಯ ಬಿಗ್-ಫೈವ್ ಕೋಡಿನಲ್ಲಿ ಷು ಎಂದರೆ ಎರಡು ಬೈಟು,
ಎರಡನೆಯದು ಆ ಗೆರೆಯೇ.

"ಆ ಗೆರೆ ನಮ್ಮ ಪ್ರಾಣ ತಿಂದಿತ್ತು" ಎಂದರು ಮುದುಕ.
ಆ ಕಾಲದ ಲೆಕ್ಕದ ಪ್ರೋಗ್ರಾಮಿಗೆ ಗೆರೆ ಎಂದರೆ ಗುಟ್ಟಿನ ಸನ್ನೆ,
ಕಂಡದ್ದೇ ತಡ, ನುಂಗುತ್ತಿತ್ತು.
ನಮ್ಮ ಬೈಟುಗಳೋ ಶಾಲೆಯ ಮಕ್ಕಳು,
ಜೋಡಿ ಜೋಡಿ ಕೈ ಹಿಡಿದು ರಸ್ತೆ ದಾಟುವಂಥವು.
ಒಂದನ್ನು ಎಳೆದುಕೊಂಡರೆ ಉಳಿದ ಒಂಟಿ
ಹಿಂದೆ ಬರುವವನ ಕೈ ಹಿಡಿಯುತ್ತದೆ,
ಅವನ ಜೊತೆಗಾರ ಅವನ ಹಿಂದಿನವನದ್ದು,
ಸಾಲು ಮುಗಿಯುವ ತನಕ
ಯಾರ ಮಗು ಯಾರ ಕೈಯಲ್ಲೋ.
"ಅದಕ್ಕೇ ಷು ಆದಮೇಲೆ ಇನ್ನೊಂದು ಗೆರೆ ಒತ್ತುತ್ತಿದ್ದೆವು.
ನುಂಗುವವನಿಗೊಂದು, ನಮಗೊಂದು."

ಸರಿಯಾದ ಕೋಡು ಕೊಟ್ಟ ಕೂಡಲೇ
ಲೆಕ್ಕ ತಿಳಿನೀರಿನ ಹಾಗೆ ನಿಂತಿತು.
ಆದರೂ ಅಲ್ಲಲ್ಲಿ, ಹಬ್ಬದ ಹಿಂದಿನ ದಿನ,
ಬಿರುಗಾಳಿಯ ಮರುದಿನ,
ಕೆಲವು ಸಾಲು ಬರೀ ಕಲಸುಮೇಲೋಗರ.
"ಅದಾ? ನನ್ನ ಹೆಂಡತಿ ಕೂತ ದಿನಗಳು.
ಗೆರೆ ಮರೆಯುತ್ತಿದ್ದಳು, ಪಾಪ.
ಯಂತ್ರದ ವಾಂತಿ ಅಂತ ನಾನೂ ಬಿಟ್ಟೆ."
ಹೆಸರು ಕೇಳಿದೆ. ಚೀಟಿಯಲ್ಲಿ ಬರೆದುಕೊಟ್ಟರು:
ಷು ಲ್ಯೆನ್-ಝಿ.
ಷು ಪಕ್ಕದಲ್ಲಿ, ಪೆನ್ನಿನಲ್ಲೂ, ಒಂದು ಗೆರೆ.
ಕೈಗಂಟಿದ ರೂಢಿ.

ಬೈಟುಗಳನ್ನು ಬಿಚ್ಚಿ ಹರಡಿದೆ.
ಒಂಟಿಯಾದ ಬಿ-ಮೂರು ಸಿಕ್ಕಲ್ಲೆಲ್ಲ
ಪಕ್ಕಕ್ಕೊಂದು ಐದು-ಸಿ ಕೂರಿಸಿದೆ.
ಮಕ್ಕಳು ಸರಸರ ತಮ್ಮ ತಮ್ಮ ಜೋಡಿಗೆ ಮರಳಿದರು.

ಷು ವೆನ್-ತೌ. ನಾಲ್ಕು ಗಡ್ಡೆ. ದೋಣಿ ಒಡೆದಿದೆ, ಕೇಳುವುದು ಬೇಡ.
ಷು ಛಿಂಗ್-ಯುವಾನ್. ಹಿಂದಿನದೆಲ್ಲ ಹೊಡೆದುಹಾಕಿದೆ.
ಷು ಆ-ಝುವಿನ ಮಗಳು. ಎರಡು ಗಡ್ಡೆ, ಅಮ್ಮನ ಹೆಣ ಕಾಯಲು.
ಹಣ ಬೇಡ. ಹಣ ಬೇಡ.

ಎರಡು ಸಲ ಹಾಗೇ ಇತ್ತು. ಕೋಡಿನ ತಪ್ಪಲ್ಲ.

ಮುದುಕ ಕನ್ನಡಕ ತೆಗೆದು ಒರೆಸಿ ಹಾಕಿದರು,
ಮತ್ತೆ ತೆಗೆದು ಒರೆಸಿದರು.
"ಎಲ್ಲ ಅವಳ ತವರಿನವರು."
ಹೊರಗೆ ಹರಾಜಿನವನು ಯಾವುದೋ ಮೀನಿನ ಬೆಲೆ ಕೂಗುತ್ತಿದ್ದ,
ಕೂಗು ಮುಗಿಯುವ ತನಕ ಸುಮ್ಮನಿದ್ದರು.
"ಆ ಗೆರೆ ಒತ್ತುವುದನ್ನು
ನನಗೆ ಕಲಿಸಿದ್ದೇ ಅವಳು."

ಎಡಿಟರ್ ಕೇಳುತ್ತಿತ್ತು: ಉಳಿಸಲೇ?
ಹಳೆಯ ಕೋಡಿನಲ್ಲೋ, ಯೂನಿಕೋಡಿನಲ್ಲೋ?
"ಮಿಕ್ಕದ್ದೆಲ್ಲ ಹೊಸದರಲ್ಲಿಡು, ಸಂಘದವರು ಓದಿಕೊಳ್ಳಲಿ.
ಇವು..." ಪರದೆಗೆ ಬೆರಳು ತಾಗಿಸಿ, ಹಿಂದೆಗೆದರು.
"ಅವಳು ಬಿಟ್ಟ ಹಾಗೇ ಬಿಡು."

ಹದಿನೇಳು ಸಾಲು.
ಕೂರಿಸಿದ ಗೆರೆಗಳನ್ನು ಒಂದೊಂದಾಗಿ ಎಬ್ಬಿಸಿದೆ.
ಡಬ್ಬಿ ವಾಪಸು ಕೊಟ್ಟೆ.